ಒತ್ತೆಮನೆಯ ಹುಡುಗಿ

ಮಂತ್ರಿಗಳ ಮಕ್ಕಳು ಶತ್ರುದೇಶದಲ್ಲಿ ಒತ್ತೆಯಾಗಿ ಬೆಳೆಯುತ್ತಿದ್ದ ಕಾಲವದು. ಯಾರು ಯುದ್ಧ ಸಾರಿದರೂ ಮೊದಲು ಸಾಯಬೇಕಾದದ್ದು ಅವರದೇ ಮಗು. ಬೀದರಿನ ಒತ್ತೆಮನೆಯಲ್ಲಿದ್ದವಳು ನೆರೆದೇಶದ ವಿದೇಶಾಂಗ ಮಂತ್ರಿಯ ಮಗಳು, ಹತ್ತು ವರ್ಷದ ಲಾಲಿಮಾ. ಅಡುಗೆಯ ಕಸ್ತೂರಬಾಯಿ ಅವಳನ್ನು ನಾಲ್ಕು ವರ್ಷದಿಂದ ಸಾಕುತ್ತಿದ್ದಳು.

ಆ ಬೆಳಿಗ್ಗೆ ಟೀವಿಯಲ್ಲಿ ಆ ಮಂತ್ರಿ ಎದೆಯುಬ್ಬಿಸಿ, ನಾಳೆಯೇ ಯುದ್ಧವೆಂದು ಗುಡುಗಿದ.

“ಎಂಥಾ ಅಪ್ಪ ಅದಾನ ನಿನಗ!” ಎಂದು ಕಸ್ತೂರಬಾಯಿ ಟೀವಿ ಆರಿಸಿದಳು.

ಬೆಳ್ಳುಳ್ಳಿ ಸುಲಿಯುತ್ತಿದ್ದ ಹುಡುಗಿ ಅಳತೊಡಗಿದಳು. “ಅಂವ ನಮ್ಮಪ್ಪ ಅಲ್ಲ ಬಾಯಿ. ನಮ್ಮಪ್ಪ ಅವನ ಕಾರಿನ ಡ್ರೈವರ್.”

ಕಸ್ತೂರಬಾಯಿ ಒತ್ತೆಮನೆಯ ಅಧಿಕಾರಿಯ ಕೋಣೆಗೆ ಓಡಿ ವಿಷಯ ಹೇಳಿದಳು. ಆತ ಚಹಾ ಕುಡಿಯುತ್ತಲೇ ನಕ್ಕ. “ನಮಗ ಗೊತ್ತದ. ನಾವು ಅಲ್ಲಿಗಿ ಕಳಿಸಿದ್ದೂ ನಮ್ಮ ಮಂತ್ರಿ ತೋಟದ ಮಾಲಿ ಮಗಳನ್ನೇ. ದೊಡ್ಡವರ ಮಕ್ಕಳು ಸಾಯ್ಲಿಕ್ಕ ಹುಟ್ಟತಾವೇನು?”

ಅವಳು ಆತನ ಹೊಸ್ತಿಲ ಮೇಲೆ ಉಗುಳಿ ಹೊರಬಂದಳು. ಲಾಲಿಮಾಳ ರೇಷ್ಮೆ ಅಂಗಿ ಬಿಚ್ಚಿಸಿ, ತನ್ನ ಮೊಮ್ಮಗಳ ಹಳೆಯ ಫ್ರಾಕು ತೊಡಿಸಿ, ಕೈಹಿಡಿದು ಗೇಟಿಗೆ ನಡೆದಳು. ಕಾವಲುಗಾರ ಬಂದೂಕು ಅಡ್ಡ ಹಿಡಿದ.

“ಯಾರ ಮಗಳು ಇಕಿ?”

“ಡ್ರೈವರ್ ಮಗಳು,” ಎಂದಳು ಕಸ್ತೂರಬಾಯಿ.

ಆತ ಹುಡುಗಿಯ ಮುಖವನ್ನೂ ನೋಡದೆ ಗೇಟು ತೆಗೆದ.