ಹೆಬ್ಬಾವಿಗೊಂದು ದಾರಿ

ಬೆಟ್ಟದ ಹೆಬ್ಬಾವುಗಳ ಮೇಲೆ ಸಂಶೋಧನೆ ಮಾಡುತ್ತಿದ್ದ ಅವಳು ಹೆದ್ದಾರಿ ಎಂಜಿನಿಯರರ ಮೇಜಿನ ಮೇಲೆ ಒಂದು ಫೋಟೋ ಕುಕ್ಕಿದಳು. ಬೆನ್ನು ಸೊಟ್ಟಗಾದ, ಕಣ್ಣೇ ಇಲ್ಲದ ಮರಿ. ಆ ಕಚೇರಿಯಲ್ಲಿ ಯಾರೇ ಆದರೂ ಅವರನ್ನು ‘ಸರ್’ ಎನ್ನಬೇಕಿತ್ತು. ಅವಳೂ ಅಂದಳು.

“ಬೆಟ್ಟ ಸೀಳಿ ರಸ್ತೆ ಮಾಡಿದ್ರಿ ಸರ್. ಈ ಕಡೆ ಹಾವು ಆ ಕಡೆ ಹೊರಟ್ರೆ ಲಾರಿ ಚಕ್ರಕ್ಕೇ ಸಿಗೋದು. ಈಗ ಯಾವುದರ ಡಿಎನ್‌ಎ ತೆಗೆದ್ರೂ ಹತ್ತಿರದ ಸಂಬಂಧವೇ. ಒಡಹುಟ್ಟಿದವೇ ಕೂಡ್ತಿವೆ. ಎಷ್ಟೋ ಮೊಟ್ಟೆ ಒಡೆಯೋದೇ ಇಲ್ಲ, ಒಡೆದ್ರೆ ಹೀಗೆ!”

“ಅದಕ್ಕೆ ನನ್ ಮೇಲೆ ಯಾಕಮ್ಮ ಕೂಗಾಡ್ತೀಯ?”

ಅವಳಿಗೆ ಪಿತ್ತ ನೆತ್ತಿಗೇರಿತು. “ಇನ್ಯಾರ ಮೇಲೆ ಕೂಗಾಡ್ಲಿ? ದಾರಿ ಮುಚ್ಚಿದ್ದು ನೀವು! ರಸ್ತೆ ಕೆಳಗೊಂದು ಸುರಂಗ ಮಾಡಿಕೊಡಿ. ಹೊರಗಿನ ಒಂದೆರಡು ಗಂಡು ಬಂದ್ರೂ ಸಾಕು, ಇವುಗಳ ವಂಶ ಉಳಿಯುತ್ತೆ.”

ಅವರು ಫೋಟೋವನ್ನು ಕಣ್ಣ ಹತ್ತಿರ ಹಿಡಿದು ನೋಡಿದರು. ಮುಖ ಸಪ್ಪಗಾಯಿತು.

“ಛೆ, ಪಾಪ. ಒಂದೇ ರಕ್ತ ಅಲ್ಲಲ್ಲೇ ಸುತ್ತಿದ್ರೆ ಇನ್ನೇನಾಗುತ್ತೆ? ಹೊರಗಿನ ಸಂಬಂಧ ಬರ್ಲೇಬೇಕು.” ಪೆನ್ನು ತೆಗೆದು ಅವಳು ತಂದಿದ್ದ ಸುರಂಗದ ಕಡತಕ್ಕೆ ಸಹಿ ಹಾಕಿಯೇಬಿಟ್ಟರು.

ಅವಳು ಕಡತ ಎತ್ತಿಕೊಂಡು ಬಾಗಿಲತ್ತ ತಿರುಗಿದಳು. ಹಿಂದಿನಿಂದ ಅವರು ದನಿ ತಗ್ಗಿಸಿ ಕರೆದರು.

“ಮಗಳೇ, ಸಂಜೆ ಬೇಗ ಮನೆಗೆ ಬಾ. ನೀನೆಷ್ಟೇ ಕೂಗಾಡು, ನಿಮ್ಮಮ್ಮನ ತಮ್ಮನ ಜೊತೇಲೇ ನಿನ್ನ ನಿಶ್ಚಿತಾರ್ಥ. ಹೆಣ್ಣನ್ನ ಹೊರಗೆ ಕೊಡೋ ಪದ್ಧತಿ ನಮ್ಮ ಮನೇಲಿಲ್ಲ.”