ಮೈದಾನದ ಆನೆ

"ಪುಡಿ ತಟ್ಟೆ ಕೆಳಗಿಡವ್ವ ಶಿವನಂಜಮ್ಮ. ಉಳಿದದ್ದ ಬೇರೆ ಹೆಂಗಸ್ರು ಮುಗಿಸ್ತಾರೆ."

ಫುಟ್‌ಬಾಲ್ ಕಮಿಟಿಯ ಅಧ್ಯಕ್ಷ ಷಣ್ಮುಖಪ್ಪ ಮುಖ ಎತ್ತದೆ ಹೇಳಿದರು. ಶಿವನಂಜಮ್ಮನ ಬೆರಳಿನಿಂದ ಇದ್ದಿಲ ಪುಡಿ ಸುರಿಯುತ್ತಲೇ ಇತ್ತು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಸಂತೋಷಕ್ಕೆ ಹುಣಸೂರಿನಲ್ಲಿ ಪಂದ್ಯಾವಳಿ. ಉದ್ಘಾಟನೆಗೆ ಮೈದಾನದ ನಡುವೆ ಅರವತ್ತು ಅಡಿಯ ರಂಗೋಲಿ ಆನೆ, ಸೊಂಡಿಲಲ್ಲಿ ಚೆಂಡು. ಹನ್ನೆರಡು ಹೆಂಗಸರು ದುಡಿದರೂ ಅದರ ಹಿಂದಿನ ತಲೆ ಶಿವನಂಜಮ್ಮನದೇ. ಗಳಿಗೆಗೊಮ್ಮೆ ಪಕ್ಕದ ಸ್ಕೂಲಿನ ತಾರಸಿ ಹತ್ತಿ ನೋಡಿ, ಇಳಿದು ಬಂದು ಗೆರೆ ತಿದ್ದಿದವಳೂ ಅವಳೇ. "ರಂಗವಲ್ಲಿ: ಶ್ರೀಮತಿ ಶಿವನಂಜಮ್ಮ" ಎಂದು ಆಹ್ವಾನ ಪತ್ರಿಕೆ ಅಚ್ಚಾಗಿ ಎಂಟು ತಂಡಗಳಿಗೂ ಹೋಗಿತ್ತು. ಹುಟ್ಟಿದ ಮೇಲೆ ಅವಳ ಹೆಸರು ಅಚ್ಚಾದದ್ದು ಅದೊಂದೇ ಸಲ.

"ಯಾಕೆ ಅಂತ ಹೇಳಿ ಯಜಮಾನ್ರೇ."

"ಟಪಾಲಲ್ಲಿ ಕಾಗದ ಬಂದದೆ. ಗಂಡ ಸತ್ತು ವರ್ಷ ಆದ್ರೂ ಮುಚ್ಚಿಟ್ಟಿದ್ದೀಯಂತಲ್ಲ. ಶುಭಕಾರ್ಯ ಕಣವ್ವ. ನಾಳೆ ನೀನು ಮೈದಾನದ ತಾವೂ ಸುಳೀಬಾರ್ದು ಅಂತ ಬರೆದವ್ರೆ."

"ಬರೆದೋರು ಯಾರು?"

"ಹೆಸರು ಹಾಕಿಲ್ಲ."

ಹೆಸರು ಬೇರೆ ಬೇಕೆ? ಗುಟ್ಟು ಗೊತ್ತಿದ್ದದ್ದು ಅಕ್ಕ ವೀರಮ್ಮನಿಗೆ ಮಾತ್ರ. ಏಳು ವರ್ಷದ ಹಿಂದೆ ಗಂಡ ಹೆಗ್ಗಡದೇವನಕೋಟೆ ಬಿಟ್ಟು ಕೊಡಗಿನ ಕಾಫಿ ತೋಟಕ್ಕೆ ಹೋದಾಗ ಶಿವನಂಜಮ್ಮ ಹುಣಸೂರಿಗೆ ಬಂದು ಅಕ್ಕನ ಮನೆ ಸೇರಿದ್ದಳು. ಇಲ್ಲಿನವರು ಅವನ ಮುಖ ಕಂಡವರಲ್ಲ. ಹೋದ ವರ್ಷ ಯಾರದೋ ಕೈಬರಹದಲ್ಲಿ ಒಂದು ಕಾರ್ಡು ಬಂತು: ಜ್ವರದಲ್ಲಿ ತೀರಿಕೊಂಡ, ಮಣ್ಣೂ ಆಯಿತು, ಯಾರೂ ಬರುವುದು ಬೇಡ. ಓದಿ ಹೇಳಿದವಳು ಅಕ್ಕ. "ಕುಂಕುಮ ಅಳಿಸಿದ್ರೆ ನಿನ್ನ ಕೈಲಿ ರಂಗೋಲಿ ಹಾಕಿಸಲ್ಲ ಕಣೆ, ಸುಮ್ಕಿರು" ಅಂದವಳೂ ಅಕ್ಕನೇ.

ಮನೆಗೆ ಬಂದವಳೇ ಹರಿಹಾಯ್ದಳು. "ಒಡಹುಟ್ಟಿದೋಳೇ ಕುತ್ತಿಗೆ ಕುಯ್ದೆಯಲ್ಲ!"

"ಅಪ್ಪನಾಣೆ, ನಾ ಬಾಯಿ ಬುಟ್ಟಿಲ್ಲ ಕಣವ್ವ."

ಬೇಲಿಯೇ ಎದ್ದು ಹೊಲ ಮೇಯ್ದ ಮೇಲೆ ಆಣೆ ಯಾರಿಗೆ ಬೇಕು? ಶಿವನಂಜಮ್ಮ ಕುಂಕುಮ ಒರೆಸಿಕೊಂಡಳು. ಅಕ್ಕ ಇಟ್ಟ ತಟ್ಟೆ ಮುಟ್ಟಲಿಲ್ಲ. ಗಂಡ ಸತ್ತ ಸುದ್ದಿಗೂ ಅವಳಿಗೆ ಇಷ್ಟು ನೋವಾಗಿರಲಿಲ್ಲ.

ಆದರೂ ಮನಸ್ಸು ತಡೆಯಬೇಕಲ್ಲ. ಮೈದಾನಕ್ಕೆ ತಾನೇ ಹೋಗಬಾರದು? ಮಾರನೆಯ ದಿನ ಹಿಂಬಾಗಿಲಿನಿಂದ ಸ್ಕೂಲಿನ ತಾರಸಿ ಹತ್ತಿದಳು. ಬೇರೆಯವರು ಮುಗಿಸಿದ ಆನೆಯ ಒಂದು ಕಿವಿ ದೊಡ್ಡದಾಗಿತ್ತು. ಅವಳಿಗೆ ಅಳು ಬಂತು.

ತಂಡಗಳು ಒಂದೊಂದಾಗಿ ಬಂದವು. ಮಡಿಕೇರಿ ತಂಡದ ಮುಂದೆ ಕೋಟು ತೊಟ್ಟ ಮ್ಯಾನೇಜರ್, ಪಕ್ಕದಲ್ಲಿ ಹೆಂಡತಿ, ಅವಳ ಸೊಂಟದಲ್ಲಿ ಮಗು. ರಂಗೋಲಿಯ ಬದಿಯಲ್ಲಿ ನಿಂತಿದ್ದ ಹೆಂಗಸರ ಮುಖಗಳನ್ನು ಅವನು ಒಂದೂ ಬಿಡದೆ ನೋಡಿದ. ಆಮೇಲೆ ನಿರಾಳವಾಗಿ, ಷಣ್ಮುಖಪ್ಪನವರು ಹಿಡಿದಿದ್ದ ಹಾರಕ್ಕೆ ಕೊರಳೊಡ್ಡಿದ.

ಮಣ್ಣಾದನೆಂದು ಕಾರ್ಡು ಬಂದಿದ್ದ ಅವಳ ಗಂಡ, ನಗುತ್ತಾ ಎಲ್ಲರಿಗೂ ಕೈಮುಗಿಯುತ್ತಿದ್ದ.