ಕನ್ನಡಿ ಮುಂದಿನ ಪಾಠ

ಕ್ಷೌರಿಕ ತನ್ನ ಅಂಗಡಿಯಲ್ಲಿ ಕೂತು ರೆಸೊನೇಟರ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ತಂತಿಗಳ ಮೇಲೆ ಜಾರಿಸುವ ಉಕ್ಕಿನ ತುಂಡನ್ನು ಎಡಗೈಯ ಬದಲು ಬಲಗೈಯಲ್ಲಿ ಹಿಡಿದದ್ದೇ ತಡ, ಹೊಸ ಟೀಚರ ಹುಬ್ಬು ಮೇಲೇರಿತು. ಹೀಗೆ ಮೇಲೇರುವ ಹುಬ್ಬನ್ನು ಅವನು ಈಗಾಗಲೇ ಎರಡು ಸಲ ನೋಡಿದ್ದ. ಮೊದಲ ಗುರು, “ಪೂರ್ತಿ ಉಲ್ಟಾ ಕಲ್ತಿದೀರಲ್ರೀ!” ಎಂದು ನಕ್ಕಿದ್ದರು, ಎರಡನೆಯವರು, “ಕತ್ತರಿ ಹಿಡಿದ ಕೈ, ಕತ್ತರೀನೇ ಹಿಡ್ಕೊಂಡಿರ್ಲಿ ಬಿಡಿ” ಎಂದು ಬಾಗಿಲವರೆಗೂ ಬಂದು ಬೀಳ್ಕೊಟ್ಟಿದ್ದರು. ಇವರೂ ಕೈಬಿಟ್ಟರೆ ಗಿಟಾರನ್ನು ಮೊಳೆಗೆ ನೇತುಹಾಕಿ ಸುಮ್ಮನಾಗುತ್ತೇನೆಂದು ಹೆಂಡತಿಗೆ ಮಾತು ಕೊಟ್ಟಿದ್ದ.

“ಯಾರು ಹೇಳ್ಕೊಟ್ಟಿದ್ದು?”

“ಫೋನಲ್ಲಿ ವಿಡಿಯೋ ನೋಡಿ ಕಲ್ತೆ, ಮೇಡಂ. ಅವರ ಉಕ್ಕು ಈ ಕಡೆ ಕಾಣ್ತಿತ್ತು, ನಾನೂ ಈ ಕಡೆನೇ ಹಿಡ್ಕೊಂಡೆ. ಮೂವತ್ತು ವರ್ಷ ಕನ್ನಡಿ ನೋಡ್ಕೊಂಡೇ ಕೆಲಸ ಮಾಡಿರೋನು ನೋಡಿ…”

ಟೀಚರ್ ನಗಲಿಲ್ಲ. ಅಂಗಡಿಯ ಗೋಡೆಯುದ್ದಕ್ಕೂ ಇದ್ದ ಕನ್ನಡಿಯತ್ತ ಒಮ್ಮೆ ತಿರುಗಿ ನೋಡಿದರು. ಆಮೇಲೆ ಅವನ ಎದುರಿನಿಂದ ಎದ್ದು, ತಮ್ಮ ಗಿಟಾರಿನೊಂದಿಗೆ ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಅವನ ಪಕ್ಕದಲ್ಲೇ ಕೂತರು. “ನನ್ನ ನೋಡ್ಬೇಡಿ. ಕನ್ನಡಿಯೊಳಗೆ ಒಬ್ಬಳು ಕೂತಿದಾಳಲ್ಲ, ಅವಳು ಮಾಡಿದ ಹಾಗೆ ಮಾಡಿ.”

ಕನ್ನಡಿಯೊಳಗಿನವಳನ್ನು ನೋಡುತ್ತಾ ಅವನು ಗಿಟಾರನ್ನು ತಿರುಗಿಸಿಕೊಂಡ. ಅವಳು ಉಕ್ಕು ಎತ್ತಿದಳು, ಅವನೂ ಎತ್ತಿದ. ಈಗ ಅದು ಎಡಗೈಯಲ್ಲಿತ್ತು. ಯಾರೂ ತಿದ್ದಿರಲಿಲ್ಲ. ಉಕ್ಕು ಜಾರಿತು, ಗಿಟಾರಿನ ಹೊಟ್ಟೆಯೊಳಗಿನ ಲೋಹದ ತಟ್ಟೆ ಬಾಯಿಬಿಟ್ಟಿತು, ಲೋಟದಲ್ಲಿದ್ದ ಬಾಚಣಿಗೆಗಳು ಸಣ್ಣಗೆ ನಡುಗಿದವು.

ಟೀಚರ್ ಕನ್ನಡಿಯಲ್ಲೇ ಅವನ ಮುಖ ನೋಡುತ್ತಾ, ಅವನು ದಿನಕ್ಕೆ ಇಪ್ಪತ್ತು ಸಲ ಗಿರಾಕಿಗಳನ್ನು ಕೇಳುವುದನ್ನೇ ಕೇಳಿದರು: “ಇಷ್ಟು ಸಾಕಾ?”

“ಇನ್ನೂ ಸ್ವಲ್ಪ, ಮೇಡಂ,” ಎಂದ ಕ್ಷೌರಿಕ.